ನಕಾರದ ಕರಡು

ಬೀಬಿ ಅಲಾಬಿ ರಸ್ತೆ, ಒಣಮೆಣಸಿನ ಗೋದಾಮಿನ ಹಿಂದೆ
ನಮ್ಮ ಪ್ರೆಸ್ಸು.
ಹನ್ನೊಂದು ವರ್ಷದಿಂದ ಒಂದೇ ನಿಘಂಟು.
ನನಗಿಂತ ಮೊದಲಿನ ಕರಡು ತಿದ್ದುವವರು
'ತ'ದ ನಡುವೆ ತೀರಿಕೊಂಡರು;
'ದ' ಮುಗಿಸುವಷ್ಟರಲ್ಲಿ ನನಗೆ ಕನ್ನಡಕ ಬಂತು.
ಈಗ ಮೇಜಿನ ಮೇಲೆ 'ನ'.

ನಾನು ಗಟ್ಟಿಯಾಗಿ ಓದಬೇಕು,
ಹಸ್ತಪ್ರತಿ ಹಿಡಿದು ಸೆವ್ರಿನ್ ಬಾಯಿ ಕೇಳಬೇಕು.
'ನಾಯಿ. ನಾಮಪದ. ಒಂದು ಸಾಕುಪ್ರಾಣಿ.
ನೀಚ. ಹೀನ. ಎಂಜಲಿಗೆ ಕಾಯುವವನು.
ನಾಯಿಪಾಡು, ನಾಯಿಬುದ್ಧಿ, ನಾಯಿಬಾಳು, ನೋಡಿ...'
ನಾಯಿಗೆ ಒಂದು ಸಾಲು,
ನಮ್ಮ ಬೈಗುಳಕ್ಕೆ ಐದು.

ಬಾಗಿಲ ಬಳಿ ಅದು ಎರಡು ಸಲ ಸೀನಿತು.
ಮೆಣಸಿನ ಘಾಟು. ದಿನಾ ಸೀನುತ್ತದೆ, ದಿನಾ ಬರುತ್ತದೆ.
ಬಾಯಿಗೆ ಅದು 'ಸುಣೊ'. ಕಟ್ಟಿಂಗ್ ಮಿಷನಿನ ಯತಿರಾಜನಿಗೆ 'ದೂಮ'.
ಗೋದಾಮಿನ ಹಮ್ಮಬ್ಬ ಮುಟ್ಟುವುದಿಲ್ಲ, ಹೆಸರೂ ಇಟ್ಟಿಲ್ಲ;
ಬಂಗುಡೆಯ ತಲೆಗಳನ್ನು ಮಾತ್ರ
ಹಳೇ ಕರಡಿನ ಹಾಳೆಯಲ್ಲಿ ಕಟ್ಟಿ
ಮೆಟ್ಟಿಲ ಮೂಲೆಗೆ ಇಟ್ಟು ಹೋಗುತ್ತಾರೆ.
ನಾನು ನಾಲಗೆಯನ್ನು ಹಲ್ಲಿಗೊತ್ತಿ
ಒಂದು ಸದ್ದು ಮಾಡುತ್ತೇನೆ,
ಅಜ್ಜಿ ಮಾಡುತ್ತಿದ್ದದ್ದು, ಅವಳ ಅಜ್ಜಿಯೂ.
ಅದಕ್ಕೆ ಅಕ್ಷರವಿಲ್ಲ.
ಐವತ್ತು ಸಾವಿರ ಪದಗಳಲ್ಲಿ
ಅದು ಬರುವುದು ಆ ಒಂದಕ್ಕೆ.

ನವರಾತ್ರಿಯ ಹೊತ್ತಿಗೆ 'ಪ'ಕ್ಕೆ ಬಂದಿದ್ದೆವು.
ಪಶು: ಪಾಶದಿಂದ ಕಟ್ಟಲ್ಪಟ್ಟದ್ದು.
ಹಗ್ಗಕ್ಕೆ ಎರಡು ತುದಿ ಇರುತ್ತದೆಂದು
ಬರೆದವರಿಗೆ ಹೊಳೆದಿರಲಿಲ್ಲ.
ಪ್ರಾಣಿ: ಪ್ರಾಣವುಳ್ಳದ್ದು.
'ಹಾಗಾದರೆ ಬಾಯಿ, ನಾವು?'
'ಮುಂದಿನದು ಓದಿ,' ಎಂದರು ಬಾಯಿ,
ಬೆರಳು ಸಾಲಿನ ಮೇಲಿಂದ ಎತ್ತದೆ.

ಆಗಲೇ ಬೀದಿಯಲ್ಲಿ ತಾಸೆಯ ಸದ್ದು.
ಏಳು ಹುಲಿಗಳು, ಹಳದಿ, ಕಪ್ಪು, ಬಣ್ಣ ಇನ್ನೂ ಹಸಿ.
ಒಂದು ಹುಲಿ ನೆಗೆದು ನಮ್ಮ ಹೊಸ್ತಿಲಿಗೇ ಬಂತು;
ಬಾಯಿ ಶಿಲುಬೆ ಗುರುತು ಮಾಡಿಕೊಂಡು ನಕ್ಕರು,
ನಾನು ಚಿಲ್ಲರೆಗೆ ಕಿಸೆ ತಡಕಿದೆ.
ನಾಯಿ ಎದ್ದು ಹೋಗಿ
ಹುಲಿಯ ಹಿಮ್ಮಡಿ ಮೂಸಿತು.
ಬಾಲ ಆಡಿಸಿತು.
ಬಣ್ಣದ ಅಡಿಯ ಮೈದಾ ಗೋಂದನ್ನು ಓದಿ
ಯತಿರಾಜನನ್ನು ಹಿಡಿದುಬಿಟ್ಟಿತು,
ಮುಖ ನೋಡಿದ ನಾವಿಬ್ಬರೂ
ಹುಲಿಯನ್ನೇ ಕಂಡಿದ್ದಾಗ.

ರಾತ್ರಿ ಸರದಿ ಮುರಿದು 'ಹ'ದ ಕಟ್ಟು ಬಿಚ್ಚಿದೆ.
ಹುಲಿ: ಶೂರ. ಧೀರ. ಸಮರ್ಥ.
ಈ ಪೇಟೆಯಲ್ಲಿ ಹುಲಿಯನ್ನು ಯಾರು ಕಂಡಿದ್ದಾರೆ?
ಕಾಣದ್ದಕ್ಕೆ ಬಿರುದು,
ಕಾಲಬುಡದಲ್ಲಿ ಮಲಗಿದ್ದಕ್ಕೆ ಬೈಗುಳ.
ಕತೆಗಳಲ್ಲೂ ನಾವು ಮಾಡಿದ್ದು ಇಷ್ಟೇ:
ನರಿಗೆ ವಕೀಲರ ಕೋಟು ಹೊಲಿಸಿದೆವು,
ಆಮೆಗೆ ನಮ್ಮ ಗಡಿಯಾರ ಕಟ್ಟಿದೆವು,
ಕೊನೆಗೆ ನೀತಿಯನ್ನು ನಾವೇ ಮನೆಗೆ ಒಯ್ದೆವು.
ತಿಳಿದವರು ನೆಲದ ಮೇಲೆ ಮಾತಿನ ಗೆರೆ ಎಳೆದು
ಈಚೆ ನಿಂತು ಗ್ರಂಥ ಬರೆದರು.
ಗೆರೆಯ ಮೇಲೇ ಮಲಗಿ ಅದು
ಕಿವಿ ಕೆರೆದುಕೊಂಡಿರಬೇಕು.

ಅದರದ್ದೂ ಒಂದು ನಿಘಂಟಿದ್ದರೆ
ನಾನು ಯಾವ ಅಕ್ಷರದಲ್ಲಿ?
ಬಹುಶಃ ಶಾಯಿಯ ವಾಸನೆ. ಎಳೆಯುವ ಎಡಗಾಲು.
ನಾಲ್ಕು ಗಂಟೆಯ ಬಿಸ್ಕುಟು.
ಹೀನಾರ್ಥ ಇದೆಯೋ ಇಲ್ಲವೋ.
ಒಮ್ಮೆ ಸಿಟ್ಟಿನಲ್ಲಿ ಒದ್ದಿದ್ದೆ.
ಅದೂ ದಾಖಲಾಗಿರಬೇಕು.

ಕರಡು ತಿದ್ದುವವನಿಗೆ ಕಾಗುಣಿತದ ಮೇಲೆ ಅಧಿಕಾರ,
ಅರ್ಥದ ಮೇಲಿಲ್ಲ.
'ನೀಚ'ದ ಪಕ್ಕ ಪೆನ್ಸಿಲಿನಲ್ಲಿ
ಒಂದು ಪ್ರಶ್ನೆಚಿಹ್ನೆ ಇಟ್ಟೆ.
ಸಂಪಾದಕರು ಅಳಿಸಿ ಕಳಿಸಿದರು.
ಸರಿ. ಅಚ್ಚಾಯಿತು.

ಒಂಬತ್ತಕ್ಕೆ ಬೀಗ ಹಾಕಿ ಹೊರಟರೆ
ಅದೂ ಹಿಂದೆ ಬರುತ್ತದೆ,
ಐಸಿನ ಲಾರಿಗಳ ನಡುವೆ, ಮೀನಿನ ನೀರು ದಾಟಿ,
ರಾವ್ ಎಂಡ್ ರಾವ್ ಸರ್ಕಲ್ಲಿನವರೆಗೆ.
ಅಲ್ಲಿ ನಿಲ್ಲುತ್ತದೆ.
ಆಚೆಗೆ ಬೇರೊಂದು ನಾಯಿಯ ಊರು.
ಗಡಿಕಲ್ಲಿಲ್ಲ, ಬೋರ್ಡಿಲ್ಲ,
ನಾನು ಏನೂ ತಿಳಿಯದೆ
ದಿನಾ ದಾಟುತ್ತೇನೆ.